ಏಳಬೇಡಿ, ಕೂತ್ಕೊಳ್ಳಿ

ಕುರ್ಚಿಯಿಂದ ಏಳುವುದನ್ನು ನಾನು ಸರಿಯಾಗಿ ಕಲಿತದ್ದು ಎಪ್ಪತ್ತಾರನೆಯ ವಯಸ್ಸಿನಲ್ಲಿ. ಅದುವರೆಗೆ ಏಳುತ್ತಲೇ ಇರಲಿಲ್ಲವೇ ಎಂದು ಕೇಳಬೇಡಿ. ಏಳುತ್ತಿದ್ದೆ, ಆದರೆ ಹೇಗೆ ಏಳುತ್ತೇನೆಂದು ಗೊತ್ತಿರಲಿಲ್ಲ. ಉಸಿರಾಡುವವನಿಗೆ ಮೂಗಿನ ಯೋಚನೆ ಎಲ್ಲಿರುತ್ತದೆ? ನೆಗಡಿ ಬಂದಾಗಲೇ ಅದರ ಬೆಲೆ ತಿಳಿಯುವುದು.

ನನಗೆ ಬಂದದ್ದು ನೆಗಡಿಯಲ್ಲ. ಇಂದಿರಾನಗರದ ಫುಟ್‌ಪಾತಿನಲ್ಲಿ ಅಲ್ಲಾಡುವ ಚಪ್ಪಡಿಯೊಂದರ ಮೇಲೆ ಕಾಲಿಟ್ಟು ಬಿದ್ದೆ, ತೊಡೆಯ ಮೂಳೆ ಮೇಲ್ಗಡೆ ಮುರಿಯಿತು. ಆಸ್ಪತ್ರೆಯಲ್ಲಿ ಒಂದು ರಾಡು ತೂರಿಸಿ, ಸ್ಕ್ರೂ ಬಿಗಿದು ಕಳಿಸಿದರು. ವಿಮಾನಪುರದ ಕಾರ್ಖಾನೆಯಲ್ಲಿ ಜೀವಮಾನವಿಡೀ ವಿಮಾನದ ಬಿಡಿಭಾಗಗಳನ್ನು ಪರೀಕ್ಷಿಸಿ ಪಾಸು ಮಾಡಿದವನು ನಾನು. ಈಗ ಬಿಡಿಭಾಗ ನನ್ನೊಳಗೇ ಇತ್ತು, ಪಾಸು ಮಾಡುವವರು ಬೇರೆಯವರಾಗಿದ್ದರು.

ನಾನೂ ನನ್ನ ಹೆಂಡತಿ ಸರೋಜಳೂ ಇರುವುದು ಹೊರಮಾವಿನ ಒಂದು ಹಿರಿಯರ ವಸತಿಯಲ್ಲಿ. ಅಯ್ಯೋ ಪಾಪ ಎನ್ನಬೇಡಿ, ಯಾರೂ ನಮ್ಮನ್ನು ತಂದು ಬಿಟ್ಟದ್ದಲ್ಲ. ಒಂದು ಬೆಳಗ್ಗೆ ಸರೋಜ ಸೌಟು ಕೆಳಗಿಟ್ಟು, "ನನ್ನ ಪಾಲಿನ ಅಡುಗೆ ಮುಗೀತು ರೀ, ಇನ್ನು ಯಾರಾದ್ರೂ ಮಾಡಿ ಹಾಕ್ಲಿ" ಎಂದಳು. ಒಂದು ವಾರ ನಾನು ಮಾಡಿ ಹಾಕಿದೆ. ಅದನ್ನು ತಿಂದ ಮೇಲೆ ಇಬ್ಬರೂ ಒಮ್ಮತದಿಂದ ಇಲ್ಲಿಗೆ ಬಂದೆವು.

ಮೊದಲ ಮಹಡಿಯಲ್ಲಿ ನಮ್ಮ ಕೋಣೆ. ಕೆಳಗೆ ಆರೈಕೆಯ ವಾರ್ಡು: ಕಂಬಿ ಹಾಕಿದ ಮಂಚಗಳು, ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ತಾನಾಗಿ ಎದ್ದು ಬಚ್ಚಲಿಗೆ ಹೋಗಿ ಬರಲಾಗದವರು ಕೆಳಗಿರಬೇಕೆಂಬುದು ಇಲ್ಲಿನ ನಿಯಮ. ಬಹಳ ಒಳ್ಳೆಯ ನಿಯಮವೆಂದು ನಾನೇ ಹೊಗಳಿದ್ದೆ, ಅದು ಬೇರೆಯವರಿಗೆ ಅನ್ವಯಿಸುತ್ತಿದ್ದಾಗ. ಆಸ್ಪತ್ರೆಯಿಂದ ಬಂದ ನನಗೆ ಮ್ಯಾನೇಜರು ತಿಂಗಳ ಕೊನೆಯವರೆಗೆ ಸಮಯ ಕೊಟ್ಟರು. ಕಂಬಿಯ ಮಂಚಕ್ಕೆ ನಾನು ಹೆದರಲಿಲ್ಲ. ಸರೋಜ ಮೇಲೆ, ನಾನು ಕೆಳಗೆ ಎಂಬುದನ್ನು ನೆನೆದರೆ ಮಾತ್ರ ಊಟ ಸೇರುತ್ತಿರಲಿಲ್ಲ.

ಆಗ ಶುರುವಾಯಿತು ನೋಡಿ ಉಪಚಾರ. ನಾನು ಲೋಟದ ಕಡೆ ನೋಡಿದರೆ ಸಾಕು, ಆಯಾ ಮೇರಿಯಮ್ಮ "ನೀವ್ಯಾಕೆ ಏಳ್ತೀರಾ ತಾತ, ಕೂತ್ಕೊಳ್ಳಿ" ಎಂದು ನೀರು ತಂದು ಕೈಗಿಡುತ್ತಿದ್ದಳು. ಪಕ್ಕದ ಕೋಣೆಯವರು ಪೇಪರು ತಂದು, ಮುಖ್ಯ ಸುದ್ದಿಗಳನ್ನು ಓದಿಯೂ ಹೇಳುತ್ತಿದ್ದರು. ಸರೋಜಳಂತೂ ಕನ್ನಡಕವನ್ನು ಮೂಗಿನ ಮೇಲೇ ಕೂರಿಸುತ್ತಿದ್ದಳು. ನಿಜ ಹೇಳುತ್ತೇನೆ, ಬಹಳ ಸುಖವಾಗಿತ್ತು.

ನಮ್ಮಲ್ಲಿ ಮರ್ಯಾದೆಗೆ ಎರಡು ಭಾಗಗಳಿವೆ. ಹಿರಿಯರು ಬಂದರೆ ಕಿರಿಯರು ಎದ್ದು ನಿಲ್ಲಬೇಕು. ಎದ್ದ ಕೂಡಲೇ ಹಿರಿಯರು "ಏಳಬೇಡಿ, ಕೂತ್ಕೊಳ್ಳಿ" ಎನ್ನಬೇಕು. ಮೊದಲನೆಯದಕ್ಕೆ ಪ್ರತ್ಯುತ್ಥಾನ ಎಂಬ ಭಾರಿ ಸಂಸ್ಕೃತದ ಹೆಸರಿದೆ. ಎರಡನೆಯದಕ್ಕೆ ಯಾರೂ ಹೆಸರಿಟ್ಟಂತಿಲ್ಲ, ಆದರೆ ವಯಸ್ಸಾದಂತೆ ನಮ್ಮ ಪಾಲಿಗೆ ಉಳಿಯುವುದು ಅದೊಂದೇ. ಮದುವೆಮನೆಗೆ ಹೋದರೆ ಮುಂದಿನ ಸಾಲಿನ ಕುರ್ಚಿ, ಮೆಟ್ರೋ ಹತ್ತಿದರೆ ಕೂಡಲೇ ಸೀಟು, ಬ್ಯಾಂಕಿಗೆ ಹೋದರೆ ಮೂಲೆಯ ಬೆಂಚು. ಊರೆಲ್ಲ ಸೇರಿ ನಮ್ಮನ್ನು ಕೂರಿಸುತ್ತದೆ, ನಾವು ಹಿಗ್ಗಿ ಕೂರುತ್ತೇವೆ. ತೊಡೆಯ ಸ್ನಾಯುಗಳು ಮಾತ್ರ ಇನ್ನು ತಮಗಿಲ್ಲಿ ಕೆಲಸವಿಲ್ಲವೆಂದುಕೊಂಡು ಸದ್ದಿಲ್ಲದೆ ರಾಜೀನಾಮೆ ಕೊಡುತ್ತವೆ.

ಇದನ್ನು ನನಗೆ ಮನಗಾಣಿಸಿದವಳು ನಸ್ರೀನ್, ಶಿವಾಜಿನಗರದಿಂದ ಸ್ಕೂಟರಿನಲ್ಲಿ ಬರುವ ಫಿಸಿಯೋಥೆರಪಿಸ್ಟ್. ಬಂದ ಮೊದಲ ದಿನವೇ ಕೋಣೆಯಲ್ಲಿದ್ದವರನ್ನೆಲ್ಲ ತರಾಟೆಗೆ ತೆಗೆದುಕೊಂಡಳು. "ಇವತ್ತಿಂದ ಅಂಕಲ್‌ಗೆ ಯಾರೂ ಏನೂ ತಂದ್ಕೊಡಂಗಿಲ್ಲ. ನೀರು ಬೇಕಾ, ಅವ್ರೇ ಟ್ರೈ ಮಾಡ್ಲಿ, ನೀವು ಪಕ್ಕದಲ್ಲಿ ನಿಂತ್ಕೊಳ್ಳಿ ಅಷ್ಟೇ. ಪ್ರೀತಿ ಮಾಡಿ ಮಾಡಿ ಇವ್ರ ಕಾಲು ವೀಕ್ ಮಾಡ್ಬಿಟ್ಟಿದೀರಾ." ಮೇರಿಯಮ್ಮ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು, ಬಾಯಾರಿಕೆಯಿಂದ.

ಅವಳ ಹಿಂದೆಯೇ ಇನ್ನೊಬ್ಬ ಯುವಕ ಟೇಪು ಹಿಡಿದು ಬಂದ. ಅವನು ಆಕ್ಯುಪೇಷನಲ್ ಥೆರಪಿಸ್ಟ್ ಅಂತೆ. ನಾನೇನೂ ಕಸುಬು ಹುಡುಕುತ್ತಿಲ್ಲವಲ್ಲ ಎಂದುಕೊಂಡೆ. ಅವನು ಕಮೋಡಿನ ಎತ್ತರ ಅಳೆದು, ಸೀಟನ್ನು ಎತ್ತರಿಸಿ, ಪಕ್ಕದ ಗೋಡೆಗೆ ಹಿಡಿಕೆ ಹಾಕಿಸಿ ಹೋದ. ಆ ಅಳತೆಯ ಅಚ್ಚುಕಟ್ಟು ನನ್ನ ಕಾರ್ಖಾನೆಯ ಕಣ್ಣಿಗೆ ಹಬ್ಬವಾಗಿತ್ತು. ಆದರೆ ಹಿಡಿಕೆಯ ತನಕ ಹೋಗಬೇಕಾದರೆ ಮೊದಲು ಏಳಬೇಕು.

"ಪಾದ ಹಿಂದೆ ತಗೊಳ್ಳಿ ಅಂಕಲ್. ಮೂಗು ಮುಂದೆ, ಇನ್ನೂ ಮುಂದೆ. ಈಗ ನೆಲ ಒತ್ತಿ" ಎನ್ನುತ್ತಿದ್ದಳು ನಸ್ರೀನ್. ಏಳಬೇಕಾದವನು ಮೊದಲು ಬಗ್ಗಬೇಕು! ಎದೆ ಸೆಟೆಸಿದರೆ ಮೈಭಾರವೆಲ್ಲ ಹಿಂದಕ್ಕೇ ಉಳಿಯುತ್ತದೆ. ನನಗೆ ಬಗ್ಗುವುದೇ ಕಷ್ಟವಾಗಿತ್ತು. ಒಮ್ಮೆ ಬಿದ್ದವನಿಗೆ ನೆಲ ಹತ್ತಿರ ಬಂದರೆ ಮೈಯೇ ಹಿಂದೆ ಜಗ್ಗುತ್ತದೆ. ನಸ್ರೀನ್ ಕೈ ಹಿಡಿದಿದ್ದರೆ ಏಳುತ್ತಿದ್ದೆ. ಬಿಟ್ಟರೆ ಅರ್ಧ ದಾರಿಯಿಂದ ಕುರ್ಚಿಗೆ ವಾಪಸು ಬೀಳುತ್ತಿದ್ದೆ.

ತಿಂಗಳ ಕೊನೆ ಬಂದೇ ಬಂತು. ಮ್ಯಾನೇಜರು ಬಂದು ಎದುರಿಗೆ ನಿಂತರು. ನಸ್ರೀನ್ ಕೈಗೆಟುಕುವಷ್ಟು ದೂರದಲ್ಲಿ, ಆದರೆ ಕೈಕಟ್ಟಿ ನಿಂತಳು. ನಾನು ಎದ್ದೆ, ಅರ್ಧಕ್ಕೆ ಬಿದ್ದೆ. ಮತ್ತೆ ಎದ್ದೆ, ಮತ್ತೆ ಬಿದ್ದೆ. ಮ್ಯಾನೇಜರು ಒಳ್ಳೆಯ ಮನುಷ್ಯ, "ಬೇಜಾರ್ ಮಾಡ್ಕೋಬೇಡಿ ಸರ್, ಕೆಳಗೂ ಚೆನ್ನಾಗೇ ಇದೆ" ಎಂದರು. ಸರೋಜ ಕಿಟಕಿಯ ಕಡೆ ತಿರುಗಿಕೊಂಡಳು.

ಅಷ್ಟರಲ್ಲಿ ಬಾಗಿಲಲ್ಲೊಂದು ದನಿ. "ಏನ್ರೀ ಶ್ರೀಕಂಠಯ್ಯ, ಹೇಗಿದೀರಾ?" ನಮ್ಮ ಕಾರ್ಖಾನೆಯ ಹಳೆಯ ಸೂಪರಿಂಟೆಂಡೆಂಟರು, ಈಗ ಇದೇ ಸಾಲಿನ ಕೊನೆಯ ಕೋಣೆಯವರು, ಬೆಳಗಿನ ನಡಿಗೆ ಮುಗಿಸಿ ಹಾಗೇ ಇಣುಕಿದ್ದರು. ಆ ದನಿ ಕೇಳಿದರೆ ಒಂದು ಕಾಲಕ್ಕೆ ಇಡೀ ಸೆಕ್ಷನ್ನೇ ಎದ್ದು ನಿಲ್ಲುತ್ತಿತ್ತು. ನಾನು ಕೈಮುಗಿದೆ. ಮುಗಿಯುವಾಗ ತಲೆ ಬಗ್ಗಿತು, ಮೂಗು ಮುಂದೆ ಹೋಯಿತು, ಪಾದ ತಾನಾಗಿ ಹಿಂದೆ ಸರಿಯಿತು. ನೋಡುತ್ತೇನೆ, ನಿಂತಿದ್ದೇನೆ!

"ಏಳ್ಬೇಡಿ ಏಳ್ಬೇಡಿ, ಕೂತ್ಕೊಳ್ರೀ" ಎಂದರು ದೊಡ್ಡ ಮನುಷ್ಯರು. ಅವರ ಮಾತು ಮೀರಿ ಅಭ್ಯಾಸವಿಲ್ಲದ ಮೊಣಕಾಲುಗಳು ಆಗಲೇ ಮಡಚಿಕೊಳ್ಳತೊಡಗಿದ್ದವು.

"ಕೂತ್ಕೋಬೇಡಿ!" ಎಂದು ಸರೋಜ, ನಸ್ರೀನ್, ಮ್ಯಾನೇಜರು ಒಟ್ಟಿಗೆ ಕೂಗಿದರು. ಸೂಪರಿಂಟೆಂಡೆಂಟರು ಗಾಬರಿಯಾಗಿ ಬಾಗಿಲು ಹಿಡಿದುಕೊಂಡರು.

ನಾನು ಕುರ್ಚಿಯ ಪಕ್ಕದಲ್ಲಿದ್ದ ವಾಕರ್ ಹಿಡಿದು ನಿಧಾನಕ್ಕೆ ಬಚ್ಚಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ಒಳಗೆ ನನಗೇನೂ ಕೆಲಸವಿರಲಿಲ್ಲ. ಹಿಡಿಕೆಯನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿ, ಅಳುವೂ ನಗುವೂ ಒಟ್ಟಿಗೇ ಬಂದವು.

ಎಲ್ಲರೂ ಹೋದ ಮೇಲೆ ಸರೋಜ ಮಂಚದ ಕೆಳಗಿನಿಂದ ಒಂದು ಚೀಲ ಎಳೆದು, ತನ್ನ ಸೀರೆಗಳನ್ನು ಹೊರಗೆ ತೆಗೆಯತೊಡಗಿದಳು.

"ಇದೇನೇ, ಎಲ್ಲಿಗೆ ಹೊರಟಿದ್ದೆ?"

"ಇನ್ನೆಲ್ಲಿಗೆ, ಕೆಳಗಡೆಗೆ. ಗಂಡಸ್ರ ಕಡೆ, ಹೆಂಗಸ್ರ ಕಡೆ ಅಂದ್ರೂ ಮಧ್ಯೆ ಒಂದು ಗೋಡೆ ತಾನೆ. ನನಗೂ ಏಳೋಕಾಗಲ್ಲ ಅಂತ ಹೇಳೋಣ ಅಂತಿದ್ದೆ. ನೀವು ಮಧ್ಯಾಹ್ನ ಮಲಗಿದ್ದಾಗ ಪ್ರಾಕ್ಟೀಸೂ ಮಾಡ್ದೆ, ಏಳದೇ ಇರೋದನ್ನ."

"ಬಂತಾ?"

"ಎಲ್ಲಿ ಬರತ್ತೆ? ನೀವು ನಿದ್ದೇಲಿ ಕೆಮ್ಮಿದ್ರಿ, ಎದ್ದೇಬಿಟ್ಟೆ."

ಅವಳು ಕಣ್ಣು ತಪ್ಪಿಸಿ, ಮಡಿಸಿದ ಒಂದು ಸೀರೆಯನ್ನು ನನ್ನ ಕಡೆ ಚಾಚಿದಳು. "ಸುಮ್ನೆ ಯಾಕ್ರೀ ಕೂತಿದೀರಾ? ಎದ್ದು ಇದನ್ನ ಬೀರುಲಿಡಿ."

ಇಷ್ಟು ದೊಡ್ಡ ಮರ್ಯಾದೆಯನ್ನು ಈಚೆಗೆ ನನಗೆ ಯಾರೂ ಕೊಟ್ಟಿರಲಿಲ್ಲ. ಎದ್ದೆ.