ಗುಬ್ಬಿಯ ಮಹಡಿ ಮೇಲಿನ ರೇಡಿಯೊ

ಆ ದಿನ ಗುಬ್ಬಿ ಊರಿನ ರೇಡಿಯೊ ಪೆಟ್ಟಿಗೆ ಕೆಟ್ಟಿರಲಿಲ್ಲ. ನಾನೇ ಅದನ್ನು ಸುಮ್ಮನಾಗಿಸಿದ್ದೆ. ಇದನ್ನು ನಾಲ್ಕು ವರ್ಷ ಯಾರ ಮುಂದೆಯೂ ಹೇಳಲಾಗಲಿಲ್ಲ — ಹೇಳಲಿಲ್ಲ ಎನ್ನುವುದೇ ಸರಿ.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನನ್ನ ಮನೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಸಿಮ್ಮೂ ಇಂಟರ್ನೆಟ್ಟೂ ಇಲ್ಲದೆ ಸಂದೇಶ ಕಳಿಸುವ ಪುಟ್ಟ ಬ್ಯಾಟರಿ ರೇಡಿಯೊಗಳ ಬಗ್ಗೆ ಓದಿದಾಗಿನಿಂದ ನನಗೆ ಅದೇ ಗುಂಗು. ಫೋನಿನಲ್ಲಿ ಬರೆದದ್ದನ್ನು ಒಂದು ಪೆಟ್ಟಿಗೆ ಗಾಳಿಗೆ ಬಿಡುತ್ತದೆ, ಅದು ಕೇಳಿಸಿದ ಇನ್ನೊಂದು ಪೆಟ್ಟಿಗೆ ಮುಂದಕ್ಕೆ ದಾಟಿಸುತ್ತದೆ — ಹೀಗೆ ಊರಿಂದ ಊರಿಗೆ. ಟವರು ಕೈಕೊಟ್ಟ ದಿನ ಬೇಕಾದೀತೆಂದು ನಾವು ಕೆಲವರು ಸೇರಿ ಅಂಥದೊಂದು ಜಾಲ ಕಟ್ಟಿದೆವು. ಪೆಟ್ಟಿಗೆಗಳನ್ನೆಲ್ಲ ಬೆಸೆದು ಕೊಟ್ಟವರು ಗುಬ್ಬಿಯಲ್ಲಿ ರೇಡಿಯೊ ರಿಪೇರಿ ಮಾಡುವ ರುದ್ರಯ್ಯ. ಬೆಳ್ಳಾವಿಯ ಪೆಟ್ಟಿಗೆ ಇದ್ದದ್ದು ರತ್ನಮ್ಮನ ಮನೆಯಲ್ಲಿ; ಅವರು ಏನೇ ಬರೆದರೂ ಅದು ರುದ್ರಯ್ಯನವರ ಅಂಗಡಿಯ ಮಹಡಿ ಮೇಲಿನ ಪೆಟ್ಟಿಗೆಯನ್ನು ಹಾದೇ ನನಗೆ ಬರಬೇಕಿತ್ತು. ಆಸ್ಪತ್ರೆ ನನ್ನ ಮನೆಯಿಂದ ಎರಡು ರಸ್ತೆ ಆಚೆ. ತುರ್ತು ಬಂದರೆ ಓಡಿಹೋಗಿ ಆಂಬುಲೆನ್ಸ್ ಹೊರಡಿಸುವುದು ನನ್ನ ಪಾಲಿನ ಕೆಲಸ.

ಬೇಸಿಗೆಯ ಒಂದು ಮಧ್ಯಾಹ್ನ ಬಿರುಗಾಳಿ ಎದ್ದು ಕರೆಂಟೂ ಫೋನಿನ ಟವರೂ ಒಟ್ಟಿಗೇ ಹೋದವು. ನನ್ನ ಫೋನಿನ ಪರದೆಯ ಮೇಲೆ ಮಾತ್ರ ಒಂದೊಂದೇ ಸಾಲು ಮೂಡುತ್ತಿತ್ತು — 'ಗುಬ್ಬಿ ಸರಿ ಇದೆ', 'ಬೆಳ್ಳಾವಿ ಸರಿ ಇದೆ'. ಹೇಳಲು ನಾಚಿಕೆಯಾಗುತ್ತದೆ, ಆ ಗಾಳಿಯಲ್ಲಿ ನಾನು ಹೆದರಿರಲಿಲ್ಲ. ಖುಷಿಯಾಗಿದ್ದೆ. ಆಗ ಹುಟ್ಟಿತು ಆ ಪ್ರಶ್ನೆ: ಈಗ ಗುಬ್ಬಿ ಸುಮ್ಮನಾದರೆ? ಹೊಸದಾಗಿ ಬೆಟ್ಟದ ಮೇಲೆ ಇಟ್ಟಿದ್ದ ಪೆಟ್ಟಿಗೆಯನ್ನು ಹಿಡಿದು ಬೆಳ್ಳಾವಿಯ ಮಾತು ತಾನಾಗಿ ದಾರಿ ಹುಡುಕಿಕೊಂಡೀತೇ? ಎಲ್ಲ ಪೆಟ್ಟಿಗೆಗಳ ಸೆಟ್ಟಿಂಗನ್ನೂ ನಾನು ಕೂತಲ್ಲಿಂದಲೇ ಬದಲಿಸಬಹುದಿತ್ತು. ಗುಬ್ಬಿಯದಕ್ಕೆ ಅಪ್ಪಣೆ ಕೊಟ್ಟೆ — ಕೇಳಿಸಿಕೋ, ದಾಟಿಸಬೇಡ. ಹತ್ತೇ ನಿಮಿಷ, ಅಷ್ಟೆ. ಇಂಥ ನಿಜವಾದ ಪರೀಕ್ಷೆ ಮತ್ತೆ ಯಾವಾಗ ಸಿಗುತ್ತದೆ —

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದರು. "ಮೇಡಂ, ಕುಣಿಗಲ್ಲಲ್ಲಿ ನಮ್ಮಕ್ಕ ಅವ್ರೆ, ಒಂದ್ ಮೆಸೇಜ್ ಹಾಕ್ತೀರಾ?" ಕಳಿಸಿದೆ. ಅದು ಬೆಟ್ಟದ ಪೆಟ್ಟಿಗೆ ಹಾದು ಕುಣಿಗಲ್ಲಿನ ನಮ್ಮ ಗೆಳೆಯರಿಗೆ ತಲುಪಿ, ಅಕ್ಕನ ಉತ್ತರವೂ ಬಂತು. ಸುದ್ದಿ ಹರಡಿ ಇನ್ನಷ್ಟು ಜನ ಸೇರಿದರು. ಹತ್ತು ನಿಮಿಷ ಒಂದೂವರೆ ಗಂಟೆಯಾಯಿತು. ಅಷ್ಟು ಹೊತ್ತೂ ಬೆಳ್ಳಾವಿಯಿಂದ ಒಂದು ಸಾಲೂ ಮೂಡಿರಲಿಲ್ಲ. ನೆನಪಾದಾಗ ಗುಬ್ಬಿಯನ್ನು ಮೊದಲಿನಂತೆ ಮಾಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: 'ಬೆಟ್ಟಕ್ಕೆ ಬೆಳ್ಳಾವಿ ಕೇಳಿಸುವುದಿಲ್ಲ.'

ಆ ಹೊತ್ತಿನಲ್ಲಿ ಬೆಳ್ಳಾವಿಯಲ್ಲಿ ಕೊಟ್ಟಿಗೆಯ ಗೋಡೆ ಕುಸಿದು ರತ್ನಮ್ಮನ ಗಂಡ ಚನ್ನಪ್ಪನವರ ಕಾಲ ಮೇಲೆ ಬಿದ್ದಿತ್ತು. ರತ್ನಮ್ಮ ಮತ್ತೆ ಮತ್ತೆ ನನಗೆ ಬರೆದರು, ಯಾವುದೂ ತಲುಪಲಿಲ್ಲ. ಕೊನೆಗೆ ಅವರಿವರನ್ನು ಕೂಗಿ ಟ್ರ್ಯಾಕ್ಟರಿನಲ್ಲಿ ಮಲಗಿಸಿ, ದಾರಿಗೆ ಅಡ್ಡ ಬಿದ್ದ ಮರಗಳನ್ನು ತಪ್ಪಿಸಿಕೊಂಡು ತುಮಕೂರಿಗೆ ತಂದರು. ಪ್ರಾಣ ಉಳಿಯಿತು. ಎಡ ಪಾದ ಉಳಿಯಲಿಲ್ಲ. ಬೇಗ ಬಂದಿದ್ದರೆ ಉಳಿಯುತ್ತಿತ್ತೇ? ವೈದ್ಯರನ್ನು ಕೇಳಬಹುದಿತ್ತು. ಎಲ್ಲದರ ಬಗ್ಗೆಯೂ ಕುತೂಹಲವಿದ್ದ ನಾನು ಅದೊಂದನ್ನು ಮಾತ್ರ ಕೇಳಲಿಲ್ಲ.

ಮುಂದಿನ ಭಾನುವಾರ ಗುಬ್ಬಿಗೆ ಹೋದೆ. ರುದ್ರಯ್ಯ ಪೆಟ್ಟಿಗೆ ಬಿಚ್ಚಿಟ್ಟುಕೊಂಡು, ಭೂತಗನ್ನಡಿ ಹಿಡಿದು ಬೆಸುಗೆಯ ಚುಕ್ಕಿಗಳನ್ನು ಒಂದೊಂದಾಗಿ ನೋಡುತ್ತಿದ್ದರು.

"ಈಗೇನೋ ಸರ್ಯಾಗೇ ಐತೆ ಮೇಡಂ. ಅವತ್ತೊಂದಿನ ಯಾಕ್ ಹಿಂಗ್ ಮಾಡ್ತು? ನಿಮ್ಗೇನಾರಾ ಗೊತ್ತಾಯ್ತಾ?"

"ಇಲ್ಲ ರುದ್ರಯ್ಯ. ಎಲ್ಲೋ ಬೆಸುಗೆ ಬಿಟ್ಟಿರ್ಬೇಕು."

ಬೆಸುಗೆಯ ಮಾತನ್ನು ಅವರು ಎತ್ತಿರಲಿಲ್ಲ. ಎತ್ತಿದವಳು ನಾನು. 'ಗೊತ್ತಿಲ್ಲ' ಎಂದಷ್ಟೇ ಹೇಳಿದ್ದರೂ ಸುಳ್ಳು ಇಷ್ಟು ದೂರ ಹೋಗುತ್ತಿರಲಿಲ್ಲ. ಅವರು ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ವಯಸ್ಸಾಯ್ತು ಬುಡಿ," ಎಂದರು. ಆಮೇಲೆ ಅವರು ಬೆಸುಗೆಯ ಕೆಲಸವನ್ನೇ ಬಿಟ್ಟರು. ಆ ಅಂಗಡಿಯಲ್ಲಿ ಈಗ ಫೋನಿನ ಕವರು, ಚಾರ್ಜರು ಮಾರುತ್ತಾರೆ.

ಕಳೆದ ವಾರ ಹೋಗಿ ರುದ್ರಯ್ಯನವರಿಗೆ ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ.

"ಹಂಗಾರೆ ನನ್ ಬೆಸುಗೆ ಸರ್ಯಾಗಿತ್ತಾ?"

"ಸರಿಯಾಗಿತ್ತು."

"ನಾಲ್ಕ್ ವರ್ಷ ಕಣಮ್ಮ..." ಎಂದು ಕೈಯಲ್ಲಿದ್ದ ಚಾರ್ಜರನ್ನು ಕೆಳಗಿಟ್ಟರು. ಆಮೇಲೆ ಕೇಳಿದರು, "ರತ್ನಮ್ಮಂಗೆ ಹೇಳಿದ್ರಾ?"

"ಇಲ್ಲ."

"ಮೊದ್ಲು ಅಲ್ಲಿಗೋಗ್ಬೇಕಿತ್ತು. ನಂದು ಬರೀ ಹೆಸ್ರು ಹೋಯ್ತು. ಅವ್ರದ್ದು ಕಾಲು."

ನಿನ್ನೆ ಬೆಳ್ಳಾವಿಗೆ ಹೋದೆ. ಕಾಫಿಗಿಡಲು ಹೊರಟ ರತ್ನಮ್ಮನನ್ನು ತಡೆದು, ಗಂಡಹೆಂಡಿರಿಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಚನ್ನಪ್ಪನವರು ಕೋಲು ಊರಿಕೊಂಡು ಎದ್ದು ಹೊರಗೆ ಹೋದರು. ರತ್ನಮ್ಮ ಒಳಗಿನಿಂದ ತಮ್ಮ ಹಳೆಯ ಫೋನು ತಂದು ನನ್ನ ಕೈಗಿಟ್ಟರು. ಅವತ್ತಿನ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡಿದ್ದರು.

"ಒಂದ್ಸಲ ಓದ್ಬುಡಿ ಮೇಡಂ. ನಿಮ್ಗೇ ಬರ್ದಿದ್ದು."

ಓದಿದೆ. ಗೋಡೆ ಬಿದ್ದದ್ದು, ರಕ್ತ ನಿಲ್ಲದ್ದು, ಗಾಡಿ ಕಳಿಸಿ ಎಂದದ್ದು. ಎಲ್ಲಕ್ಕಿಂತ ಕೊನೆಯಲ್ಲಿ ಎರಡೇ ಪದ — 'ಮೇಡಂ, ಇದೀರಾ?'

ಇದ್ದೆ ರತ್ನಮ್ಮ. ಪರದೆಯ ಮುಂದೆಯೇ ಕೂತಿದ್ದೆ.