ಡಬ್ಬಿಯ ಹಣಿ

ದೇವದುರ್ಗದ ಶೈಲಜಾಗೆ ಅಮಾವಾಸ್ಯೆಯ ದಿನ ರಜೆ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ. ಮಾನ್ವಿಯ ನಮ್ಮ ರೈಸ್ ಮಿಲ್ಲಿನ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ಕಾಯುವ ಫೈರ್‌ವಾಲ್ ಡಬ್ಬಿಯನ್ನು ಕೂರಿಸಿದವಳು ಅವಳೇ. ಪ್ರತಿ ಅಮಾವಾಸ್ಯೆಗೆ ನಮ್ಮ ಗುಮಾಸ್ತ ಮಲ್ಲಯ್ಯ ಎಲ್ಲ ಯಂತ್ರಗಳಿಗೂ ವಿಭೂತಿ ಹಚ್ಚುತ್ತಾನೆ. ಈ ಡಬ್ಬಿಗಾದರೆ ಅಡ್ಡ ಬರುವ ವೈರು ಕಿತ್ತು, ಮುಖದ ತುಂಬ ಹಸಿ ವಿಭೂತಿ ಎಳೆದು, ಮತ್ತೆ ವೈರು ತುರುಕುತ್ತಾನೆ. ವೈರು ಸಿಕ್ಕಿಸುವ ಪೋರ್ಟಿನೊಳಗೆ ವಿಭೂತಿ ಮೆತ್ತಿಕೊಂಡು ಹಸಿರು ದೀಪ ಆರುತ್ತದೆ, ಬಿಲ್ಲು ನಿಲ್ಲುತ್ತದೆ, ಅಕ್ಕಿ ಲಾರಿಯೂ ನಿಲ್ಲುತ್ತದೆ. ಆಗ ನಾನು ಶೈಲಜಾಗೆ ಫೋನ್ ಮಾಡುತ್ತೇನೆ.

ಕಳೆದ ತಿಂಗಳೂ ಬಸ್ಸಿಳಿದು ಬಂದಳು. ಸಣ್ಣ ಬ್ರಷ್ಷಿನಿಂದ ಪೋರ್ಟು ತಿಕ್ಕುತ್ತಾ, "ಮಲ್ಲಯ್ಯ ಕಾಕಾ, ಒಂದು ಅಮಾಸಿ ಮನ್ಯಾಗ ಮಲಗಾಕ ಬಿಡ್ರಿ," ಎಂದಳು.

"ಎಲ್ಲಾ ಮಷೀನಿಗೂ ಹಚ್ಚಿ ಇದೊಂದನ್ನ ಹಂಗ ಬಿಡ್ಲೇನವ್ವಾ?"

ಶೈಲಜಾ ವಾದಿಸಲಿಲ್ಲ. ವಾದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ದೀಪ ಹೊತ್ತಿದ ಮೇಲೆ ಅವನಿಂದ ಒಣ ವಿಭೂತಿ ಇಸಿದುಕೊಂಡು, ಡಬ್ಬಿಯ ಮೇಲ್ಭಾಗಕ್ಕೆ ತಾನೇ ಮೂರು ಗೆರೆ ಎಳೆದಳು.

"ಇದು ಹಣಿ, ಕಾಕಾ. ಮುಂದಿರೋದು ಬಾಯಿ. ಬಾಯಿಗೆ ಯಾರರ ವಿಭೂತಿ ಹಚ್ತಾರೇನ್ರಿ?"

ಮಲ್ಲಯ್ಯ ಒಪ್ಪಿದ. ಈ ಅಮಾವಾಸ್ಯೆಗೆ ನಮ್ಮ ದೀಪ ಆರಲಿಲ್ಲ. ಖುಷಿಗೆ ನಾನೇ ಫೋನ್ ಮಾಡಿ, "ಮಲಗೀಯೇನವ್ವಾ?" ಎಂದೆ.

"ಎಲ್ಲೀ ಮಲಗೋದ್ರಿ ಸಾವ್ಕಾರ್ರ? ಮಲ್ಲಟದ ಮಿಲ್ಲಿನ ಡಬ್ಬಿಗೆ ಹಣಿ ಎಲ್ಲಿ ಅದ ಅಂತ ತೋರಿಸಾಕ ಬಸ್ಸಿನ್ಯಾಗ ಹೊಂಟೀನಿ."