ಸಾಯನ್ ಬದಿಯ ಬ್ರಾಕೆಟ್

ನಾನು ಚಿಕ್ಕವನಿದ್ದಾಗ ನಮ್ಮ ಶೆಡ್ಡಿನಲ್ಲಿ ಎಡ, ಬಲ ಎಂಬ ಮಾತುಗಳೇ ಇರಲಿಲ್ಲ. ಧಾರಾವಿಯ ಆ ಓಣಿಯಲ್ಲಿ ನಿಂತರೆ ಒಂದು ಕಡೆಗೆ ಮಾಹಿಮ್, ಇನ್ನೊಂದು ಕಡೆಗೆ ಸಾಯನ್. ನಮಗೆ ಅಷ್ಟು ಸಾಕಿತ್ತು. ಸುತ್ತಿಗೆಗಳು ಮಾಹಿಮ್ ಬದಿಯ ಗೋಡೆಗೆ, ನೀರಿನ ಹರವಿ ಸಾಯನ್ ಬದಿಗೆ. ಊಟಕ್ಕೆ ಕೂತಾಗಲೂ ಅವ್ವ ನನ್ನನ್ನು ಸಾಯನ್ ಬದಿಗೆ ಸರಿಯಲು ಹೇಳುತ್ತಿದ್ದಳು. ಲಾರಿಯ ಬದಿಗಳಿಗೂ ಇವೇ ಹೆಸರು. ಶೆಡ್ಡಿಗೆ ಬರುವ ಲಾರಿಗಳೆಲ್ಲ ಹಿಮ್ಮುಖವಾಗಿ ಒಳಗೆ ಬಂದು, ಮೂತಿಯನ್ನು ಓಣಿಯ ಕಡೆ ಇಟ್ಟುಕೊಂಡು ನಿಲ್ಲುತ್ತಿದ್ದವು. ಹಾಗಾಗಿ ಯಾವ ಲಾರಿಯೇ ಬರಲಿ, ಅದರ ಒಂದು ಬದಿ ಯಾವಾಗಲೂ ಮಾಹಿಮ್, ಇನ್ನೊಂದು ಯಾವಾಗಲೂ ಸಾಯನ್.

ಅಪ್ಪ ಬೆಳಗಾವಿ ಕಡೆಯಿಂದ ಬಂದವನು. ಬಹಳ ವರ್ಷ ಇನ್ನೊಬ್ಬರ ಗ್ಯಾರೇಜಿನಲ್ಲಿ ದುಡಿದು, ಆಮೇಲೆ ಈ ತಗಡಿನ ಶೆಡ್ಡು ಹಾಕಿಕೊಂಡಿದ್ದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿಗಳು ಆಗ ಮುಂಬಯಿಯ ತುಂಬ ಓಡಾಡುತ್ತಿದ್ದವು. ಅವುಗಳ ಎಂಜಿನ್ ರಿಪೇರಿಗೆ ಬೇರೆ ಜನ ಇದ್ದರು. ಅಪ್ಪನ ಕೆಲಸ ಚಾಸಿಯದು. ಚಾಸಿ ಎಂದರೆ ಲಾರಿಯ ಎಲುಬಿನ ಗೂಡು. ಒಂದು ಏಣಿಯನ್ನು ನೆಲದ ಮೇಲೆ ಮಲಗಿಸಿದ ಹಾಗೆ ಎರಡು ಉದ್ದ ಪಟ್ಟಿಗಳು, ನಡುನಡುವೆ ಅಡ್ಡಪಟ್ಟಿಗಳು. ಅಡ್ಡಪಟ್ಟಿ ಉದ್ದಪಟ್ಟಿಯನ್ನು ಸೇರುವ ಮೂಲೆಯಲ್ಲಿ ಮಡಚಿದ ದಪ್ಪ ತಗಡಿನ ಬ್ರಾಕೆಟ್ ಇಟ್ಟು, ರಿವೆಟ್ ಎಂಬ ದಪ್ಪ ಮೊಳೆಯನ್ನು ಕಾಯಿಸಿ ಬಡಿದು ಕೂಡಿಸಬೇಕು. ಆ ಮೂಲೆಗಳು ಸಡಿಲವಾದರೆ ಲಾರಿ ಹಳೆಯ ಹೊರಸಿನಂತೆ ಓಲಾಡುತ್ತದೆ.

ಬ್ರಾಕೆಟ್ ಕತ್ತರಿಸುವ ಮೊದಲು ತಗಡಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಬೇಕಲ್ಲ, ಅದನ್ನು ಅಕ್ಕ ಹಾಕುತ್ತಿದ್ದಳು. ಅಕ್ಕನ ಶಾಲೆ ಆ ವರ್ಷ ಮುಗಿದಿತ್ತು. ದೊಡ್ಡ ಹುಡುಗಿ ಕಬ್ಬಿಣದ ನಡುವೆ ಕೂರುವುದು ಅವ್ವನಿಗೆ ಬೇಕಿರಲಿಲ್ಲ. ದೀಪಾವಳಿಗೆ ಅವಳನ್ನು ಊರಿಗೆ, ಅಜ್ಜಿಯ ಹತ್ತಿರ, ಕಳಿಸಿಬಿಡಬೇಕು ಎಂದು ಮಳೆಗಾಲದಿಂದಲೂ ಹೇಳುತ್ತಿದ್ದಳು. ಅಕ್ಕನಿಗೆ ಊರು ಬೇಡ. ಅವಳಿಗೆ ಬೇಕಾದದ್ದು ಶೆಡ್ಡು, ಅದರ ಎಣ್ಣೆ ವಾಸನೆ, ತಗಡಿನ ಮೇಲೆ ಗೆರೆ ಎಳೆಯುವಾಗ ಸುಣ್ಣದ ಕಡ್ಡಿ ಮಾಡುವ ಕಿರ್ ಸದ್ದು. ಅಪ್ಪ ಇಬ್ಬರ ನಡುವೆ ಸಿಕ್ಕಿಕೊಂಡಿದ್ದ. ಕೊನೆಗೆ ಒಂದು ದಿನ ಅವಳಿಗೆ ಮಾತು ಕೊಟ್ಟ.

"ಈ ಚಾಸಿ ನೆಟ್ಟಗ ಕೂಡ್ತಂದ್ರ ನೀ ಇಲ್ಲೇ ಇರು. ಗುರುತು ಹಾಕೂ ಕೆಲಸ ನಿಂದ."

ಈ ಚಾಸಿ ಎಂದರೆ ಉಡುಪಿ ಕಡೆಯ ಒಬ್ಬ ಡ್ರೈವರ್‌ನ ಲಾರಿಯದು. ಅದರ ಬಣ್ಣ ನನ್ನ ನೆನಪಿನಲ್ಲಿ ಹಸಿರು. ಅಕ್ಕ ಕಂದು ಎನ್ನುತ್ತಾಳೆ. ನಾವಿಬ್ಬರೂ ಅಲ್ಲೇ ಇದ್ದೆವು, ಇಬ್ಬರಿಗೂ ಕಣ್ಣಿದ್ದವು, ಆದರೂ ಒಂದು ಲಾರಿಗೆ ಎರಡು ಬಣ್ಣ. ಆದ್ದರಿಂದ ಮಕ್ಕಳೇ, ನಾವಿಬ್ಬರೂ ಒಪ್ಪುವುದನ್ನು ಒಂದೇ ಸಲ ಹೇಳುತ್ತೇನೆ. ಒಪ್ಪದಿದ್ದರೆ ಎರಡನ್ನೂ ಹೇಳುತ್ತೇನೆ.

ಕುಂಬಾರವಾಡದಲ್ಲಿ ದೀಪಾವಳಿಯ ಹಣತೆಗಳನ್ನು ತುಂಬಿಕೊಂಡು ಆ ಡ್ರೈವರ್ ಪುಣೆಗೆ ಹೋಗಬೇಕಿತ್ತು. ಚಾಸಿಯ ಒಂದು ಮೂಲೆ ಬಿರುಕು ಬಿಟ್ಟಿತ್ತು. ಘಾಟಿಯ ತಿರುವಿನಲ್ಲಿ ಅದು ಓಲಾಡಿದರೆ ಹಣತೆಗಳು ಪುಡಿ. ಎರಡೂ ಬದಿಯ ಬ್ರಾಕೆಟ್ ಹೊಸದಾಗಿ ಮಾಡಬೇಕು ಎಂದು ಅಪ್ಪ ಹೇಳಿದ. ಪೆಟ್ರೋಲ್ ಟ್ಯಾಂಕ್ ಇರುವ ಬದಿಯದು ಹೆಚ್ಚು ದಪ್ಪ. ಅದರ ಮೂಲೆಯಲ್ಲಿ ತ್ರಿಕೋನದ ತಗಡೊಂದನ್ನು ಬಲಕ್ಕಾಗಿ ಕೂಡಿಸಬೇಕು, ಕೆಳಗೆ ಟ್ಯಾಂಕ್ ಕೂರಲು ತುಟಿಯಂತೆ ಚಾಚಿದ ಒಂದು ಅಂಚು ಬಿಡಬೇಕು. ಇನ್ನೊಂದು ಸಾದಾ ಬ್ರಾಕೆಟ್. ಲಾರಿ ಎಂದಿನಂತೆ ಹಿಮ್ಮುಖವಾಗಿ ಬಂದು ನಿಂತಿತ್ತು. ಅಕ್ಕ ಕೆಳಗೆ ತೆವಳಿ ಹೋಗಿ ಅಳತೆ ತೆಗೆದಳು. ಟ್ಯಾಂಕ್ ಸಾಯನ್ ಬದಿಗಿತ್ತು. ದಪ್ಪ ತಗಡಿನ ಮೇಲೆ 'ಸಾ' ಎಂದು, ಸಾದಾ ತಗಡಿನ ಮೇಲೆ 'ಮಾ' ಎಂದು ಬರೆದಳು. ಬ್ರಾಕೆಟ್ ತಯಾರಾಗುವ ತನಕ ಲಾರಿ ಸುಮ್ಮನೆ ನಿಲ್ಲುವುದು ಬೇಡವೆಂದು ಡ್ರೈವರ್ ಅದನ್ನು ಒಯ್ದ.

ಕೂಡಿಸುವ ದಿನ ಬೆಳಿಗ್ಗೆ ಆ ಲಾರಿ ಓಣಿಯ ಬಾಯಿಗೆ ಬಂದು ಕೆಟ್ಟು ನಿಂತಿತು. ಏನು ಮಾಡಿದರೂ ಎಂಜಿನ್ ಏಳಲಿಲ್ಲ. ಹಿಂದೆ ಹಾಲಿನವನು, ಕೈಗಾಡಿಯವರು, ಚರ್ಮದ ಮೂಟೆ ಹೊತ್ತವರು ಕೂಗಾಡಿದರು. ಎಲ್ಲರೂ ಸೇರಿ ಲಾರಿಯನ್ನು ಹಿಂದಿನಿಂದ ನೂಕಿದೆವು. ಅಪ್ಪ ನೂಕಿದ, ಅಪ್ಪನ ಜೊತೆ ಶೆಡ್ಡಿನಲ್ಲಿ ದುಡಿಯುವ ಮಾಮಾ ನೂಕಿದ, ನಾನು ನೂಕಿದೆ. ಅಕ್ಕನೂ ನೂಕಿದಳು. ಲಾರಿ ಮೂತಿ ಮುಂದಾಗಿ ಸೀದಾ ಶೆಡ್ಡಿನ ಒಳಗೆ ಹೋಯಿತು. ಎಲ್ಲರ ಕಣ್ಣೆದುರಿಗೆ ಹೋಯಿತು. ಯಾರಿಗೂ ಏನೂ ಹೊಳೆಯಲಿಲ್ಲ.

ಈಗ ನಿಮಗೆ ಗೊತ್ತಾಗಿರಬೇಕು. ನಮಗೆ ಗೊತ್ತಾಗಲಿಲ್ಲ.

ಮರದ ಬಾಡಿಯನ್ನು ಎತ್ತಿ ಹೊರಗಿಟ್ಟರು. ಬೆಂಕಿಯ ಹತ್ತಿರ ಪೆಟ್ರೋಲ್ ಬೇಡವೆಂದು ಟ್ಯಾಂಕನ್ನೂ ಅದರ ಪೈಪನ್ನೂ ಬಿಚ್ಚಿ, ಓಣಿಯಾಚೆ ಹಸಿ ಗೋಣಿಚೀಲದ ಕೆಳಗೆ ಇಟ್ಟರು. ಹಳೆಯ ಬ್ರಾಕೆಟ್‌ಗಳನ್ನು ಮಾಮಾ ಕಿತ್ತು ಗುಜರಿಯ ರಾಶಿಗೆ ಎಸೆದ. ಉದ್ದಪಟ್ಟಿಗಳ ಮೇಲೆ ಉಳಿದದ್ದು ಬರೀ ತೂತುಗಳು. ಅವು ಎರಡೂ ಬದಿಗೆ ಒಂದೇ ತರ ಇದ್ದವು.

ಬೆಂಕಿಗೆ ಗಾಳಿ ಊದುವ ಚಕ್ರ ತಿರುಗಿಸುವುದು ನನ್ನ ಪಾಲಿಗೆ ಬಂದಿತ್ತು. ಇದ್ದಿಲು ಮೊದಲು ಕೆಂಪಗೆ, ಆಮೇಲೆ ಕಿತ್ತಳೆಯಾಗಿ ಉರಿಯಿತು. ರಿವೆಟ್‌ಗಳು ಅದರೊಳಗೆ ನೇರಳೆ ಹಣ್ಣಿನ ಬಣ್ಣದಿಂದ ಹೊಳೆವ ಸೂರ್ಯನ ಬಣ್ಣಕ್ಕೆ ತಿರುಗಿದವು. ಅಕ್ಕ ಇಕ್ಕಳದಲ್ಲಿ ಒಂದನ್ನು ಹಿಡಿದು ಓಡಿ ತೂತಿಗೆ ತುರುಕುತ್ತಿದ್ದಳು. ಒಳಗಿನಿಂದ ಮಾಮಾ ಭಾರವಾದ ಕಬ್ಬಿಣದ ಗಟ್ಟಿಯನ್ನು ಅದರ ತಲೆಗೆ ಒತ್ತಿ ಹಿಡಿಯುತ್ತಿದ್ದ. ಹೊರಗಿನಿಂದ ಅಪ್ಪ ಬಾಲವನ್ನು ಬಡಿದು ಬಡಿದು ಗುಂಡಗೆ ಮಾಡುತ್ತಿದ್ದ. ಶೆಡ್ಡಿನ ತಗಡಿಗೆ ಆ ಸದ್ದು ತಾಗಿ ನನ್ನ ಹಲ್ಲುಗಳು ನಡುಗುತ್ತಿದ್ದವು. ರಿವೆಟ್ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಎರಡು ತಗಡುಗಳನ್ನು ಎಳೆದು ಬಿಗಿ ಮಾಡುತ್ತದೆ. ಒಮ್ಮೆ ಆರಿತೋ, ಆಮೇಲೆ ಅದನ್ನು ಬಿಚ್ಚುವ ಮಾತಿಲ್ಲ, ಕಡಿಯಬೇಕು ಅಷ್ಟೇ.

"ಸಾಯನ್ ಬದಿದು ಕೊಡು" ಎಂದು ಯಾರೋ ಕೇಳಿದರು. ಅಪ್ಪ ಕೇಳಿದ ಎಂದು ನನ್ನ ನೆನಪು, ಮಾಮಾ ಎಂದು ಅಕ್ಕನದು. ಅಕ್ಕ 'ಸಾ' ಎಂದು ಬರೆದದ್ದನ್ನು ಎತ್ತಿಕೊಟ್ಟಳು. ಅದು ಸಾಯನ್ ಬದಿಯ ಮೂಲೆಗೆ ಹೇಳಿ ಮಾಡಿಸಿದಂತೆ ಕೂತಿತು.

ಎರಡೂ ಬ್ರಾಕೆಟ್ ಕೂಡಿಸಿ ಮುಗಿದ ಮೇಲೆ ಅಕ್ಕ ದಾರ ತಂದಳು. ಚಾಸಿಯ ಒಂದು ಮೂಲೆಯಿಂದ ಎದುರಿನ ಮೂಲೆಗೆ ಓರೆಯಾಗಿ ಹಿಡಿದು, ಅದೇ ದಾರವನ್ನು ಇನ್ನೆರಡು ಮೂಲೆಗಳಿಗೆ ಹಿಡಿದಳು. ಎರಡೂ ಓರೆಗಳು ಸಮ ಬಂದರೆ ಚಾಸಿ ಸೊಟ್ಟಗಿಲ್ಲ ಎಂದರ್ಥ. ಕೂದಲಿನಷ್ಟೂ ಫರಕು ಬರಲಿಲ್ಲ. ಅಪ್ಪ ಬಗ್ಗಿ ತಾನೇ ದಾರ ಹಿಡಿದು ನೋಡಿದ. ಅಕ್ಕನ ಮುಖದ ಮೇಲೆ ಮಸಿ, ಆ ಮಸಿಯೊಳಗಿಂದ ನಗು. ಆ ನಗುವಿನ ಬಗ್ಗೆ ನಮ್ಮಿಬ್ಬರಲ್ಲಿ ಜಗಳವಿಲ್ಲ.

ಆಗ ಡ್ರೈವರ್ ಟ್ಯಾಂಕ್ ಹೊತ್ತು ತಂದ. ಎಂಜಿನ್ ಇದ್ದ ಕಡೆ ನೋಡಿದ, ತನ್ನ ಸೀಟಿನ ಕಡೆ ನೋಡಿದ, ಮಾಹಿಮ್ ಬದಿಗೆ ಹೋಗಿ ಬಗ್ಗಿದ. ಟ್ಯಾಂಕ್ ಇಡಲು ಅಲ್ಲಿ ಏನೂ ಇರಲಿಲ್ಲ. ಸಾದಾ ಬ್ರಾಕೆಟ್ ಬೋಳಾಗಿ ನಿಂತಿತ್ತು.

"ಎಂಥ ಮಾರಾಯ್ರೇ ಇದು? ಟ್ಯಾಂಕನ್ನು ತೊಡೆ ಮೇಲೆ ಇಟ್ಕೊಂಡು ಪುಣೆಗೆ ಹೋಗುದಾ ನಾನು?"

ಮಾಮಾ ಬೆವರು ಒರೆಸಿಕೊಳ್ಳುತ್ತ, ಈ ಸಲಕ್ಕೆ ಟ್ಯಾಂಕನ್ನು ಆ ಬದಿಗೇ ಹಾಕಿಕೊಳ್ಳಿ ಎಂದ. ಹಾಗಾದರೆ ಎಂಜಿನ್‌ಗೆ ಹೋಗುವ ಪೈಪನ್ನು ನಿಮ್ಮ ಮೂಗಿಗೆ ಸಿಕ್ಕಿಸುತ್ತೇನೆ ಎಂದ ಡ್ರೈವರ್. ಯಾರೂ ನಗಲಿಲ್ಲ. ಅಪ್ಪ ಲಾರಿಯ ಸುತ್ತ ಒಂದು ಸಲ ನಡೆದ. ಒಳಗೋಡೆಯ ಕಡೆ ತಿರುಗಿದ್ದ ಮೂತಿಯ ಹತ್ತಿರ ನಿಂತು ಅದನ್ನು ಈಗಷ್ಟೇ ಕಂಡವನ ಹಾಗೆ ನೋಡಿದ.

ಅಕ್ಕ ಮೆಲ್ಲಗೆ ಅಂದಳು, "ಚಾಸಿ ನೆಟ್ಟಗ ಐತಲ್ಲಪ್ಪ."

"ನೆಟ್ಟಗ ಐತಿ. ಬದಿ ತಪ್ಪೈತಿ."

"ಬದಿ ನಾ ತಪ್ಪಿಲ್ಲ. ಲಾರಿ ತಿರುಗೇತಿ. ಅದರ ಸಾಯನ್ ಬದಿ ಈಗ ಮಾಹಿಮ್ ಕಡೆ ಐತಿ."

ಅಪ್ಪ ಅಂಗಿಯ ತೋಳು ಮಡಚಿದ. ಉಳಿ ಕೇಳಿದ.

ಬಿಸಿಯಲ್ಲಿ ಬಡಿದ ರಿವೆಟ್ ತಣ್ಣಗಾದ ಮೇಲೆ ಎಷ್ಟು ಹಟಮಾರಿ ಎನ್ನುವುದನ್ನು ನಾನು ಅವತ್ತು ಕಂಡೆ. ಮಾಮಾ ಉಳಿ ಹಿಡಿದ, ಅಪ್ಪ ಸುತ್ತಿಗೆ ಎತ್ತಿದ. ಉಳಿ ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ಮಧ್ಯಾಹ್ನದ ಬಿಸಿಲಿಗೆ ಮೇಲಿನ ತಗಡು ಕಾದು ಶೆಡ್ಡು ಹಂಚಿನಂತಾಗಿತ್ತು. ಅವ್ವ ಕಳಿಸಿದ ರೊಟ್ಟಿ ಬಿಚ್ಚದೆ ಹಾಗೇ ಇತ್ತು. ಚೆನ್ನಾಗಿ ಬಡಿದದ್ದೇ ನಮಗೆ ಶತ್ರುವಾಗಿತ್ತು. ಕೆಟ್ಟ ಕೆಲಸವಾಗಿದ್ದರೆ ಬೇಗ ಬಿಟ್ಟುಬರುತ್ತಿತ್ತು. ಒಂದು ತಲೆ ಹಾರಿ ಹೋಗಿ ಹರವಿಗೆ ಬಡಿಯಿತು, ನೀರೆಲ್ಲ ಸುರಿದು ಕೆಸರಾಯಿತು. ಡ್ರೈವರ್ ಓಣಿಯಲ್ಲಿ ಅತ್ತಿಂದಿತ್ತ ನಡೆಯುತ್ತ ತುಳುವಿನಲ್ಲಿ ತನ್ನಷ್ಟಕ್ಕೆ ಬೈದುಕೊಳ್ಳುತ್ತಿದ್ದ. ನಾನು ಚಕ್ರ ತಿರುಗಿಸಿ ತಿರುಗಿಸಿ ತೋಳು ಸೋತು ಅತ್ತೆ. ನಾನು ಅಳಲಿಲ್ಲ, ಗೋಣಿಯ ಮೇಲೆ ನಿದ್ದೆ ಹೋಗಿದ್ದೆ ಎಂದು ಅಕ್ಕ ಹೇಳುತ್ತಾಳೆ. ಇರಬಹುದು.

ಕೊನೆಗೂ ಬ್ರಾಕೆಟ್‌ಗಳು ಅದಲು ಬದಲಾದವು. ಮತ್ತೆ ಬೆಂಕಿ, ಮತ್ತೆ ಇಕ್ಕಳ, ಮತ್ತೆ ಅದೇ ಸದ್ದು. ಅಕ್ಕ ಮತ್ತೆ ದಾರ ಹಿಡಿದಳು. ಮತ್ತೆ ಸಮವೇ ಬಂತು. ಈ ಸಲ ಅಪ್ಪ ಬಗ್ಗಿ ನೋಡಲಿಲ್ಲ. ಟ್ಯಾಂಕ್, ಬಾಡಿ ಮತ್ತೆ ಕೂತವು, ರಿಪೇರಿಯವನು ಬಂದು ಸಂಜೆಯ ಬೆಳಕು ಇರುವಾಗಲೇ ಎಂಜಿನ್ ಕೂಡ ಎಬ್ಬಿಸಿದ. ಲಾರಿ ಕುಂಬಾರವಾಡಕ್ಕೆ ಹೋಯಿತು. ದೀಪಾವಳಿಗೆ ಮೊದಲು ಆ ಡ್ರೈವರ್ ಮತ್ತೆ ಬಂದು, ಘಾಟಿಯಲ್ಲಿ ಒಂದು ಹಣತೆಯೂ ಒಡೆಯಲಿಲ್ಲ ಎಂದು ಅಪ್ಪನ ಬೆನ್ನು ತಟ್ಟಿದ.

ಆದರೆ ಲಾರಿ ಹೋದ ಸಂಜೆಯೇ ಅಪ್ಪ ಕೈ ತೊಳೆಯುತ್ತ ಅವ್ವನಿಗೆ ಹೇಳಿಯಾಗಿತ್ತು, ಹುಡುಗಿ ಊರಿಗೆ ಹೋಗಲಿ ಎಂದು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇಳಿಯುತ್ತಿತ್ತೇನೋ. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಇಕ್ಕಳ ಹಿಡಿದ ಕೈಯಲ್ಲಿ ಬೊಬ್ಬೆ ಎದ್ದಿತ್ತು.

"ನೂಕಿದ್ದು ಎಲ್ಲಾರೂ ಕೂಡಿ. ಊರಿಗಿ ನಾ ಒಬ್ಬಾಕಿನ ಯಾಕ ಹೋಗ್ಲಿ?"

ಅಪ್ಪ ಮುಖಕ್ಕೆ ನೀರು ಹಾಕಿಕೊಂಡ. ಅವ್ವ ಒಲೆಯ ಕಡೆ ತಿರುಗಿದಳು. ಮಾಮಾ ಬೀಡಿ ಹುಡುಕಿದ. ನಾನು ಮಧ್ಯಾಹ್ನದ ರೊಟ್ಟಿಯ ಗಂಟು ಬಿಚ್ಚಿದೆ, ನನ್ನನ್ನು ಯಾರೂ ಕೇಳುವಂತೆಯೂ ಇರಲಿಲ್ಲ. ದೀಪಾವಳಿಗೆ ಅಕ್ಕನನ್ನು ರೈಲು ಹತ್ತಿಸಿದರು. ಅವಳ ಬದಲಿಗೆ ಗುರುತು ಹಾಕಲು ಬಂದವನು ಚಾಸಿಗಳನ್ನು ಎಷ್ಟೋ ಸಲ ಸೊಟ್ಟ ಕೂಡಿಸಿದ. ಅವನನ್ನು ಯಾರೂ ಊರಿಗೆ ಕಳಿಸಲಿಲ್ಲ.

ಇದಕ್ಕೊಂದು ಒಳ್ಳೆಯ ಕೊನೆ ಕಟ್ಟಲು ನಾನು ಬಹಳ ಸಲ ಪ್ರಯತ್ನಪಟ್ಟಿದ್ದೇನೆ. ಅಪ್ಪ ಆಮೇಲೆ ಪತ್ರ ಬರೆದು ಅವಳನ್ನು ಕರೆಸಿಕೊಂಡ ಎಂದು ಒಮ್ಮೆ ನಿಮ್ಮ ಅಪ್ಪನಿಗೇ ಹೇಳಿದ್ದೆ. ಅದು ಸುಳ್ಳು. ಕರೆಸಿಕೊಳ್ಳಲಿಲ್ಲ.

ನೀವು ಈ ಗೋರೆಗಾಂವ್‌ನ ಏಳನೇ ಮಹಡಿಯಲ್ಲಿ ಕೂತು, ಪ್ರಾಜೆಕ್ಟ್‌ಗೆಂದು ಮಾಡಿದ ಸೇತುವೆ ಬಿದ್ದುಹೋದರೆ ಹೋ ಎಂದು ನಗುತ್ತೀರಿ. ಅಂಟು ಒಣಗಿಲ್ಲ ಎನ್ನುತ್ತೀರಿ, ಕಡ್ಡಿ ಕಿತ್ತು ಮತ್ತೆ ಹಚ್ಚುತ್ತೀರಿ. ಟೀಚರ್ ಇನ್ನೊಂದು ವಾರ ಕೊಡುತ್ತಾರೆ. ಕೊಡದಿದ್ದರೆ ಯಾಕೆ ಕೊಡುವುದಿಲ್ಲ ಎಂದು ಹೋಗಿ ಕೇಳುತ್ತೀರಿ, ಉತ್ತರ ಬರುವ ತನಕ ಅಲ್ಲಿಂದ ಕದಲುವುದಿಲ್ಲ. ನಿಮ್ಮ ಗಲಾಟೆಗೆ ಅಮ್ಮ ರೇಗುತ್ತಾಳೆ. ನಾನು ರೇಗುವುದಿಲ್ಲ. ನಮ್ಮ ಕಾಲದಲ್ಲಿ ತಣ್ಣಗಾದ ರಿವೆಟ್ ಕಡಿಯಲು ಉಳಿ ಇತ್ತು, ಅಪ್ಪ ಆಡಿದ ಒಂದು ಮಾತನ್ನು ಕಡಿಯಲು ಮನೆಯಲ್ಲಿ ಏನೂ ಇರಲಿಲ್ಲ. ನಾ ಒಬ್ಬಾಕಿನ ಯಾಕ ಎಂದು ಅಕ್ಕ ಅವತ್ತು ಕೇಳಿದ್ದಳಲ್ಲ, ಅದನ್ನು ಬೆಳಗಾವಿಯಿಂದ ಫೋನ್ ಮಾಡಿದಾಗ ಈಗಲೂ ಒಮ್ಮೊಮ್ಮೆ ಕೇಳುತ್ತಾಳೆ. ಅಪ್ಪ ಇಲ್ಲ, ಅವ್ವ ಇಲ್ಲ, ಮಾಮಾ ಇಲ್ಲ. ನೂಕಿದವರಲ್ಲಿ ಅವಳನ್ನು ಬಿಟ್ಟರೆ ಉಳಿದಿರುವವನು ನಾನೊಬ್ಬನೇ, ಆ ಪ್ರಶ್ನೆ ಈಗ ನನಗೇ ಬರುತ್ತದೆ.